ನಮ್ಮ ಮನೆಯ ಮುದಿ ಪೈಲವಾನ

ಧಾರವಾಡದ ಸಪ್ತಾಪುರದಲ್ಲಿಯ ನಮ್ಮ ಮನೆಯ ಹಿತ್ತಿಲಲ್ಲಿ, ತಗಡಿನ ಮಾಡಿನ ಕೆಳಗೆ, ಹದಿನೈದು ವರ್ಷಗಳ ಪರ್ಯಂತ ಒಂದು ಮೋಟಾರು ಗಾಡಿಯು ಅಲುಗದೆ ನಿಂತಿದ್ದಿತು. ಅದಕ್ಕೆ ಹೊದಿಸಿದ ತಾಡಪತ್ರಿಯ ಮೇಲೆ ಬೆಕ್ಕು ಎರಡು ಸಲ ಮರಿ ಹಾಕಿತು. ಅದರ ಡಿಕ್ಕಿಯಲ್ಲಿ ನನ್ನ ಹೆಂಡತಿಯು ಹುಣಸೆಹಣ್ಣಿನ ಗಡಿಗೆಗಳನ್ನು ಇಡಹತ್ತಿದಳು. ಮಾರಿಬಿಡೋಣವೆಂದು ನಾನು ಎರಡು ಮೂರು ಬಾರಿ ಮಾತು ತೆಗೆದದ್ದುಂಟು. ನಮ್ಮ ತಂದೆಯವರು ಪ್ರತಿಯೊಂದು ಸಲವೂ ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದುಕೊಂಡರಲ್ಲದೆ ಉತ್ತರ ಕೊಡಲಿಲ್ಲ. ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಹೋಗಬೇಕಾಗಿದ್ದ ಆ ಗಾಡಿಯು ಇಂದು ಮತ್ತೆ ನಡೆಯುತ್ತಿದೆ. ಅದು ಹೇಗೆ ನಡೆಯಿತೆಂಬುದಕ್ಕಿಂತಲೂ ಅದನ್ನು ಹೇಗೆ ನಿಲ್ಲಿಸಲು ಕಲಿತೆವೆಂಬುದನ್ನು ವಾಚಕರ ಮುಂದೆ ಇಡಬೇಕೆಂದು ನನ್ನ ಮನಸ್ಸು.

ಗಾಡಿಯ ಹೆಸರು ಕಾಂಟೆಸ್ಸಾ. ಬಂಗಾಲದ ಉತ್ತರಪಾಡಾದಲ್ಲಿ ಹಿಂದುಸ್ತಾನ ಮೋಟರ್ಸ್ ಕಂಪನಿಯವರು ಅದನ್ನು ೧೯೮೪ರ ಸುಮಾರಿಗೆ ಹೊರತಂದರು. ೨೦೦೨ರ ಹೊತ್ತಿಗೆ ನಿಲ್ಲಿಸಿದರು. ಅದರ ಮೈಯ ಅಚ್ಚು ಇಂಗ್ಲಂಡಿನ ವಾಕ್ಸ್‌ಹಾಲ್ ಕಂಪನಿಯದು. ೧೯೭೨ರ ವಿಕ್ಟರ್ ಎಂಬ ಗಾಡಿಯ ವಂಶದ್ದು. ಅಗಲವಾದ ಎದೆ, ನೀಳವಾದ ಮೂತಿ, ನೆಲವನ್ನು ಒತ್ತಿ ಹಿಡಿದಂಥ ನಿಲುವು, ಇವನ್ನು ನೋಡಿ ನಮ್ಮ ದೇಶದ ಹುಡುಗರು ಅದನ್ನು ಹಿಂದುಸ್ತಾನದ ‘ಮಸಲ್ ಕಾರು’ ಎಂದು ಕರೆಯುವರು. ಈ ಬಿರುದು ಅಮೇರಿಕೆಯದು. ಅಲ್ಲಿ ೧೯೬೪ರಲ್ಲಿ ಪಾಂಟಿಯಾಕ್ ಜಿ.ಟಿ.ಓ. ಎಂಬ ಗಾಡಿ ಬಂದಂದಿನಿಂದ, ಸಾಧಾರಣ ಗಾತ್ರದ ಮೈಯೊಳಗೆ ಅಸಾಧಾರಣವಾದ ಎಂಜಿನನ್ನು ಕೂಡ್ರಿಸಿದ ಗಾಡಿಗಳಿಗೆ ಆ ಹೆಸರು ರೂಢವಾಯಿತು. ಜಿ.ಟಿ.ಓ.ದ ಎಂಟು ಸಿಲಿಂಡರಿನ ಎಂಜಿನು ೬.೪ ಲೀಟರಿನದು. ನಮ್ಮ ತಂದೆಯವರು ೧೯೮೫ರಲ್ಲಿ ಕೊಂಡ ಕಾಂಟೆಸ್ಸಾದಲ್ಲಿದ್ದದ್ದು ಅಂಬಾಸಿಡರ್ ಗಾಡಿಯದೇ ೧೪೮೯ ಸಿ.ಸಿ.ಯ ಎಂಜಿನು, ಎಂದರೆ ಅದರ ಕಾಲುಭಾಗಕ್ಕೂ ಕಡಿಮೆ. ಶಕ್ತಿಯು ಸುಮಾರು ಐವತ್ತು ಕುದುರೆಗಳದು. ನಮ್ಮ ಕಡೆಯ ಗರಡಿಮನೆಗಳಲ್ಲಿ ಇಂಥವರನ್ನು ನೋಡಿರುವೆವು. ಕಟ್ಟುಮಸ್ತಾದ ದೇಹ, ಹುರಿ ಮಾಡಿದ ಮೀಸೆ; ಅಖಾಡಕ್ಕೆ ಇಳಿದ ಎರಡನೆಯ ನಿಮಿಷಕ್ಕೆ ಏದುಸಿರು! ಕಂಪನಿಯವರೂ ಇದನ್ನು ಬಲ್ಲವರೇ ಆಗಿದ್ದರು. ಮುಂದೆ ಕಾಂಟೆಸ್ಸಾ ಕ್ಲಾಸಿಕ್ ಎಂಬ ಹೆಸರಿನಿಂದ, ಜಪಾನಿನ ಇಸುಝು ಮನೆತನದ ೧೮೧೭ ಸಿ.ಸಿ. ಎಂಜಿನು ಹಾಗೂ ಐದು ಗೇರುಗಳುಳ್ಳ ಗಾಡಿಯನ್ನು ಮಾಡಿದರು. ಆದರೆ ನಮ್ಮದು ಮೊದಲಿನ ಪೈಕಿ.

ತಂದೆಯವರು ಹುಬ್ಬಳ್ಳಿಯಲ್ಲಿ ಅರಳೆಯ ವ್ಯಾಪಾರ ಮಾಡುತ್ತಿದ್ದರು. ದಿನಾಲು ಧಾರವಾಡದಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಧಾರವಾಡಕ್ಕೆ. ನವಲೂರಿನ ಪೇರಲ ತೋಟಗಳನ್ನೂ ಉಣಕಲ್ಲ ಕೆರೆಯನ್ನೂ ಆ ಗಾಡಿಯು ಎಷ್ಟು ಸಾವಿರ ಸಲ ಕಂಡಿರುವದೋ! ವರ್ಷಕ್ಕೊಮ್ಮೆ ಮಾತ್ರ ದೂರದ ಪ್ರಯಾಣ. ಕಲಘಟಗಿ, ಕಿರವತ್ತಿ, ಯಲ್ಲಾಪುರ ದಾಟಿ ಅರಬೈಲ ಘಟ್ಟವನ್ನಿಳಿದು, ಅಂಕೋಲೆಯ ಮೇಲಿಂದ ಗೋಕರ್ಣಕ್ಕೆ ಹೋಗಿ ಮಹಾಬಲೇಶ್ವರನ ದರ್ಶನ ಮಾಡಿ ಬರುವದು ನಮ್ಮ ಅವ್ವನ ನೇಮವಾಗಿದ್ದಿತು.

೧೯೯೬ರ ಮೇ ತಿಂಗಳಿನಲ್ಲಿ ಆ ನೇಮಕ್ಕೆ ಭಂಗ ಬಂದಿತು. ಘಟ್ಟದ ಇಳುಕಲಿನಲ್ಲಿ ಅರ್ಧ ದಾರಿಗೆ ಬಂದಾಗ ತಂದೆಯವರ ಕಾಲಿನ ಕೆಳಗಿನ ಬ್ರೇಕು ಮೊದಲು ಮೆತ್ತಗಾಯಿತು. ಮುಂದಿನ ತಿರುವಿನಲ್ಲಿ ನೆಲಕ್ಕೇ ಹತ್ತಿತು. ಎದುರಿಗೆ ಅದಿರಿನ ಲಾರಿಯೊಂದು ಏರಿ ಬರುತ್ತಿದ್ದಿತು. ತಂದೆಯವರು ಒಂದು ಮಾತನ್ನೂ ಆಡದೆ ಗೇರನ್ನು ಮೂರರಿಂದ ಎರಡಕ್ಕೆ ಎಳೆದರು, ಎಂಜಿನು ಒದರಿಕೊಂಡಿತು, ಕೈಬ್ರೇಕನ್ನು ಸ್ವಲ್ಪಸ್ವಲ್ಪವಾಗಿ ಜಗ್ಗುತ್ತ, ಗುಡ್ಡದ ಕಡೆಯ ಗಟಾರಕ್ಕೆ ಗಾಲಿಯನ್ನು ಇಳಿಸಿ ಗಾಡಿಯನ್ನು ನಿಲ್ಲಿಸಿದರು. ಹಿಂದೆ ಕುಳಿತಿದ್ದ ನಾನೂ ನನ್ನ ತಂಗಿಯೂ ಬಾಯಿ ತೆರೆದು ಕುಳಿತೆವು. ಮುಂದೆ ಕುಳಿತಿದ್ದ ಅವ್ವನ ಕೈಯೊಳಗಿನ ಬಳೆಗಳೆರಡು ಒಡೆದಿದ್ದವು. ಸೋಜಿಗವೆಂದರೆ, ಅರ್ಧ ತಾಸು ಬಿಟ್ಟು ನೋಡಿದಾಗ ಬ್ರೇಕು ತಾನಾಗಿಯೇ ಮೊದಲಿನಂತಾಗಿದ್ದಿತು! ಅವ್ವನಾದರೋ ಅದನ್ನು ನಂಬಲಿಲ್ಲ. ಅಂಕೋಲೆಯವರೆಗೆ ಬಸ್ಸಿನಲ್ಲಿ ಬಂದಳು. ಅಂದಿನಿಂದ ಪ್ರತಿವರ್ಷವೂ ಆಕೆಯು ಗೋಕರ್ಣಕ್ಕೆ ಬಸ್ಸಿನಲ್ಲಿಯೇ ಹೋಗಿ ಬಂದಳು. ಗಾಡಿಯ ಮುಂದಿನ ಜಾಗದಲ್ಲಿ, ಧಾರವಾಡದ ಪೇಟೆಯವರೆಗೆ ಕೂಡ, ಮತ್ತೆ ಕೂಡ್ರಲಿಲ್ಲ. ತಂದೆಯವರು ಈ ವಿಷಯವನ್ನು ಎಂದೂ ಎತ್ತಲಿಲ್ಲ. ಗಾಡಿಯನ್ನು ಮಾರಲೂ ಇಲ್ಲ. ೨೦೦೯ರಲ್ಲಿ ಕಣ್ಣಿನ ಪೊರೆಯ ನೆವದಿಂದ ಗಾಡಿ ಹೊಡೆಯುವದನ್ನು ಬಿಟ್ಟರು.

ಕಳೆದ ೨೦೨೪ರ ದೀಪಾವಳಿಯ ರಜೆಯಲ್ಲಿ, ಹುಬ್ಬಳ್ಳಿಯಲ್ಲಿ ಯಂತ್ರಶಾಸ್ತ್ರ ಓದುತ್ತಿರುವ ನನ್ನ ಮಗನು ತಾಡಪತ್ರಿಯನ್ನು ಸರಿಸಿದನು. ಅವನ ವಿಚಾರ ದೊಡ್ಡದಾಗಿದ್ದಿತು. ಗುಜರಿಯಲ್ಲಿ ಇಸುಝು ಎಂಜಿನೊಂದು ಗೇರುಪೆಟ್ಟಿಗೆಯ ಸಮೇತ ಬಿದ್ದಿದೆಯೆಂದೂ, ಅದನ್ನು ತಂದು ಕೂಡ್ರಿಸಿದರೆ ಪೈಲವಾನನಿಗೆ ತಕ್ಕ ಉಸಿರು ಬರುವದೆಂದೂ ಅವನು ಅಂಗೈಯ ಮೇಲೆ ಚಿತ್ರ ತೆಗೆದು ತೋರಿಸಿದನು. ತಂದೆಯವರು ಎಲ್ಲವನ್ನೂ ಕೇಳಿ, ಕನ್ನಡಕವನ್ನು ಒರಸಿಕೊಂಡು ಇಷ್ಟೇ ಅಂದರು:

“ಓಡೂದು ಆಮ್ಯಾಲ ತಮ್ಮಾ. ಮೊದಲ ಅದನ್ನ ನಿಂದರಸೂದು ಕಲೀರಿ.”

ಹೀಗೆ ಕೆಲಸವು ಬ್ರೇಕಿನಿಂದ ಆರಂಭವಾಯಿತು. ಇಪ್ಪತ್ತೆಂಟು ವರ್ಷ ನಮ್ಮ ಮನೆಯಲ್ಲಿ ಯಾರೂ ಬಿಡಿಸದೆ ಇಟ್ಟ ಒಗಟನ್ನು ನನ್ನ ಮಗನು ಒಂದೇ ಸಂಜೆಯಲ್ಲಿ ಬಿಡಿಸಿದನು. ಬ್ರೇಕನ್ನು ತುಳಿದಾಗ ಕಾಲಿನ ಒತ್ತಡವನ್ನು ನಾಲ್ಕೂ ಗಾಲಿಗಳಿಗೆ ಮುಟ್ಟಿಸುವದು ಕೊಳವೆಗಳೊಳಗಿನ ಎಣ್ಣೆ. ಈ ಎಣ್ಣೆಗೆ ಒಂದು ದುರ್ಗುಣವುಂಟು. ಅದು ಗಾಳಿಯೊಳಗಿನ ತೇವವನ್ನು ಮೆಲ್ಲಮೆಲ್ಲಗೆ ಹೀರಿಕೊಳ್ಳುವದು. ಡಾಟ್ ೩ ಎಂಬ ತರಗತಿಯ ಹೊಸ ಎಣ್ಣೆಯು ಕಡಿಮೆಯೆಂದರೂ ೨೦೫ ಡಿಗ್ರಿಯ ತನಕ ಕುದಿಯಲಾರದು. ಅದೇ ಎಣ್ಣೆ ತೇವ ಕುಡಿದ ಮೇಲೆ ಆ ಮಟ್ಟವು ೧೪೦ಕ್ಕೆ ಇಳಿಯಬಹುದು. ಘಟ್ಟದ ಇಳುಕಲಿನಲ್ಲಿ ಬ್ರೇಕನ್ನು ಒತ್ತಿಯೇ ಹಿಡಿದರೆ ಗಾಲಿಯ ಹತ್ತಿರದ ಎಣ್ಣೆ ಕುದಿದು ಉಗಿಯಾಗುವದು. ಎಣ್ಣೆಯನ್ನು ಹಿಚುಕಲು ಬರುವದಿಲ್ಲ, ಉಗಿಯನ್ನು ಹಿಚುಕಲು ಬರುವದು. ಆದುದರಿಂದ ಕಾಲಿನ ಒತ್ತೆಲ್ಲ ಉಗಿಯನ್ನು ಹಿಚುಕುವದರಲ್ಲಿಯೇ ಕಳೆದು ಬ್ರೇಕು ನೆಲಕ್ಕೆ ಹತ್ತುವದು. ಆರಿದ ಮೇಲೆ ಉಗಿ ಮತ್ತೆ ಎಣ್ಣೆಯಾಗುವದು, ಬ್ರೇಕು ತಿರುಗಿ ಬರುವದು. ಆ ಎಣ್ಣೆಯನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ನಾವು ಹನ್ನೊಂದು ವರ್ಷ ಬದಲಿಸಿರಲಿಲ್ಲ.

ಮಗನು ಇದನ್ನು ಹೇಳುತ್ತಿದ್ದಾಗ ತಂದೆಯವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. “ಅಂದ್ರ ನನ್ನ ಕಾಲಿನ ತಪ್ಪಲ್ಲಂತೀ?” ಎಂದು ಕೇಳಿದರು. “ಕಾಲಿಂದ ಅಲ್ಲಜ್ಜಾ, ಎಣ್ಣೀದು” ಎಂದನು ಮಗ. ಎಣ್ಣೆ ಬದಲಿಸದೆ ಇದ್ದುದು ಯಾರ ತಪ್ಪೆಂದು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಇಷ್ಟು ವರ್ಷ ಅವರು ತಮ್ಮ ಕಾಲನ್ನೇ ಸಂಶಯದಿಂದ ನೋಡುತ್ತಿದ್ದರೆಂಬುದು ನನಗೆ ಅಂದೇ ತಿಳಿಯಿತು.

ಮಾಸ್ಟರ್ ಸಿಲಿಂಡರು, ಗಾಲಿಗಳ ಹತ್ತಿರದ ಸಿಲಿಂಡರುಗಳು, ಅವುಗಳ ರಬ್ಬರು, ತುಕ್ಕು ಹಿಡಿದ ಕಬ್ಬಿಣದ ಕೊಳವೆ, ಒಳಗೊಳಗೆ ಬಾತುಕೊಂಡ ರಬ್ಬರಿನ ಹೋಸುಪೈಪು, ಇವೆಲ್ಲ ಹೊಸವಾದವು. ಎಣ್ಣೆಯು ಡಾಟ್ ೪ ತರಗತಿಯದು. ಇದು ತೇವಗೊಂಡರೂ ೧೫೫ ಡಿಗ್ರಿಯವರೆಗೆ ತಡೆಯಬೇಕೆಂಬ ನಿಯಮವಿರುವದು. ಆಮೇಲೆ ಕೊಳವೆಯೊಳಗಿನ ಗಾಳಿಯನ್ನು ಹೊರದೂಡುವ ಕೆಲಸ. ಇದಕ್ಕೆ ಇಬ್ಬರು ಬೇಕು. ಒಬ್ಬನು ಒಳಗೆ ಕುಳಿತು ತುಳಿಯಬೇಕು, ಇನ್ನೊಬ್ಬನು ಗಾಲಿಯ ಬಳಿ ಮಲಗಿ ಮೊಳೆ ಸಡಿಲಿಸಿ ಗುಳ್ಳೆ ಬರುವದು ನಿಲ್ಲುವ ತನಕ ನೋಡಬೇಕು. ತುಳಿಯುವವನು ನಾನು. “ತುಳೀರಿ”, “ಹಿಡೀರಿ”, “ಬಿಡ್ರಿ” ಎಂದು ಮಗನು ಗಾಡಿಯ ಕೆಳಗಿನಿಂದ ಅಪ್ಪಣೆ ಮಾಡುವದು, ನಾನು ಪಾಲಿಸುವದು! ಹಿಡಿಯೆಂದಾಗ ನಾನು ಬಿಟ್ಟೆನು, ಗಾಳಿ ಮತ್ತೆ ಒಳಹೊಕ್ಕಿತು, ಮೊದಲಿನಿಂದ ಆರಂಭ. ಮೂರನೆಯ ಸಲ ಎಣ್ಣೆಯ ಡಬ್ಬಿಗೆ ನನ್ನ ಮೊಳಕೈ ತಾಕಿ ಅದು ಎಡಗಡೆಯ ಮಡಗಾರ್ಡಿನ ಮೇಲೆ ಉರುಳಿತು. ಬ್ರೇಕಿನ ಎಣ್ಣೆಯು ಬಣ್ಣವನ್ನು ತಿನ್ನುವದೆಂದು ನನಗೇನು ಗೊತ್ತು? ಚಹ ಕುಡಿದು ಬರುವಷ್ಟರಲ್ಲಿ ೧೯೮೫ರ ಬಣ್ಣವು ಅಂಗೈಯಗಲ ಸುಕ್ಕುಗಟ್ಟಿ ಎದ್ದಿದ್ದಿತು. ಚೆಲ್ಲಿದ ಕೂಡಲೆ ನೀರು ಸುರಿದಿದ್ದರೆ ಉಳಿಯುತ್ತಿದ್ದಿತಂತೆ. ತಂದೆಯವರು ಬಂದು ಆ ಕಲೆಯನ್ನು ನೋಡಿದರು, ನನ್ನನ್ನೂ ನೋಡಿದರು. ಆ ಕಲೆ ಇಂದಿಗೂ ಹಾಗೆಯೇ ಇದೆ.

ಇನ್ನು ಎಂಜಿನಿನ ಮಾತು. ಮಗನ ಮನಸ್ಸಿನಿಂದ ಇಸುಝು ಇನ್ನೂ ಹೋಗಿರಲಿಲ್ಲ. ನಾನು ವಿಚಾರಿಸಿ ನೋಡಿದೆನು. ೧೯೮೮ರ ಮೋಟಾರು ವಾಹನ ಕಾಯದೆಯ ೫೨ನೆಯ ಕಲಮಿನ ಪ್ರಕಾರ, ನೋಂದಣಿಯ ಪುಸ್ತಕದಲ್ಲಿಯ ವಿವರವು ತಯಾರಕರು ಮೊದಲು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ೨೦೧೯ರ ಜನವರಿಯಲ್ಲಿ ಸುಪ್ರೀಮ್ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಕಾಯದೆಯು ಒತ್ತಟ್ಟಿಗಿರಲಿ. ಹೆಚ್ಚಿನ ಶಕ್ತಿಯ ಎಂಜಿನು ಬಂದರೆ ಅದನ್ನು ಹೊರುವ ಮುಂದಿನ ಸ್ಪ್ರಿಂಗು, ತಂಪು ಮಾಡುವ ರೇಡಿಯೇಟರು, ಶಕ್ತಿಯನ್ನು ಹಿಂದಿನ ಗಾಲಿಗೆ ಒಯ್ಯುವ ಶಾಫ್ಟು, ಎಲ್ಲವೂ ತಮ್ಮ ತಮ್ಮ ಅರ್ಜಿಗಳನ್ನು ಹಿಡಿದು ಸಾಲಾಗಿ ನಿಲ್ಲುವವು. ಮನೆಗೆ ಹೊಸ ಬಾಗಿಲು ಹಚ್ಚಿದವನಿಗೆ ಗೋಡೆಯ ಬಿರುಕು ಕಾಣಹತ್ತಿದಂತೆ. ಮಗನು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಹಳೆಯ ಎಂಜಿನಿನ ತಲೆಯನ್ನು ಬಿಚ್ಚಹತ್ತಿದನು.

ಬಿಚ್ಚಿದ್ದೇ ಒಳ್ಳೆಯದಾಯಿತು. ಈ ಎಂಜಿನು ಇಂಗ್ಲಂಡಿನಲ್ಲಿ ೧೯೫೦ರ ದಶಕದಲ್ಲಿ ಹುಟ್ಟಿದ್ದು. ಆಗಿನ ಪೆಟ್ರೋಲಿನಲ್ಲಿ ಸೀಸವನ್ನು ಬೆರಸುತ್ತಿದ್ದರು. ಆ ಸೀಸವು ಸುಟ್ಟ ಗಾಳಿಯನ್ನು ಹೊರಗೆ ಬಿಡುವ ವಾಲ್ವುಗಳ ಪೀಠದ ಮೇಲೆ ತೆಳ್ಳಗಿನ ಲೇಪವಾಗಿ ಕುಳಿತು, ಬಡಿತದಿಂದ ಅದು ಸವೆಯದಂತೆ ಕಾಯುತ್ತಿದ್ದಿತು. ಮನುಷ್ಯರ ಪಾಲಿಗೆ, ವಿಶೇಷವಾಗಿ ಮಕ್ಕಳ ಪಾಲಿಗೆ, ಸೀಸವು ವಿಷ. ಆದುದರಿಂದ ೨೦೦೦ನೆಯ ಇಸವಿಯಲ್ಲಿ ನಮ್ಮ ದೇಶದಲ್ಲೆಲ್ಲ ಅದನ್ನು ನಿಲ್ಲಿಸಿದರು. ಯೋಗ್ಯವೇ ಆಯಿತು. ಆದರೆ ಆ ಬಳಿಕ ಒಂಬತ್ತು ವರ್ಷ ಓಡಿದ ನಮ್ಮ ಗಾಡಿಯ ವಾಲ್ವುಗಳು ತಮ್ಮ ಮೆತ್ತಗಿನ ಬೀಡುಕಬ್ಬಿಣದ ಪೀಠದಲ್ಲಿ ಹೂತುಕೊಂಡಿದ್ದವು. ಇದಕ್ಕೆ ಉಪಾಯವೆಂದರೆ ಹೊರಬಿಡುವ ನಾಲ್ಕೂ ವಾಲ್ವುಗಳಿಗೆ ಗಟ್ಟಿ ಉಕ್ಕಿನ ಬಳೆಗಳನ್ನು ಕೂಡ್ರಿಸುವದು. ಈ ಕೆಲಸ ಮನೆಯಲ್ಲಿ ಆಗುವಂಥದಲ್ಲ. ಹುಬ್ಬಳ್ಳಿಯಲ್ಲಿ ೧೮೮೫ರಲ್ಲಿ ಸದರ್ನ್ ಮರಾಠಾ ರೇಲ್ವೆಯವರು ತೆರೆದ ವರ್ಕ್‌ಶಾಪು ಎಷ್ಟು ತಲೆಮಾರುಗಳ ಕೈಗಳಿಗೆ ಲೇಥಿನ ವಿದ್ಯೆಯನ್ನು ಕಲಿಸಿರುವದೆಂದು ನಾನು ಕೇಳಿದ್ದೆನಷ್ಟೆ. ಈ ಸಲ ಕಂಡೆನು. ಅಲ್ಲಿಂದ ನಿವೃತ್ತರಾದ ಟರ್ನರರೊಬ್ಬರು ತಮ್ಮ ಅಳಿಯನ ಅಂಗಡಿಯಲ್ಲಿ ಕುಳಿತಿದ್ದರು. ಹಣ್ಣು ಹಣ್ಣು ಮುದುಕರು. ನಾವೆಲ್ಲ ಅವರನ್ನು ಚಾಚಾ ಎಂದೆವು. ಅವರು ಬಳೆಯನ್ನು ಅಳೆದು ಕೊರೆದು, ತಲೆಯನ್ನು ಕಾಯಿಸಿ, ಬಳೆಯನ್ನು ಬರ್ಫದಲ್ಲಿಟ್ಟು ಕುಗ್ಗಿಸಿ, ಒಂದೇ ಪೆಟ್ಟಿಗೆ ಕೂಡ್ರಿಸಿದರು. ತಲೆ ಆರಿ ಕುಗ್ಗಿದಾಗ, ಬಳೆ ಕಾಯ್ದು ಹಿಗ್ಗಿದಾಗ ಅದು ಅಲ್ಲಿಂದ ಅಲುಗುವ ಮಾತೇ ಇಲ್ಲ.

ಮುಂದಿನದು ಮನೆಯ ಕೆಲಸ. ಎಂಟೂ ವಾಲ್ವುಗಳಿಗೆ ಅರೆಯುವ ಮಸಾಲೆ ಹಚ್ಚಿ, ರಬ್ಬರಿನ ತುದಿಯ ಕಟ್ಟಿಗೆಯನ್ನು ಎರಡು ಅಂಗೈಗಳ ನಡುವೆ ಕಡಗೋಲಿನಂತೆ ತಿರುಗಿಸಬೇಕು. ನಮ್ಮ ಅವ್ವನು ಅಂಗಳದಲ್ಲಿ ಕುಳಿತು ಈ ಕಡೆಯೋಣವನ್ನು ಸ್ವಲ್ಪ ಹೊತ್ತು ನೋಡಿ, “ಹಂಗಲ್ಲೋ, ಕೈ ಸಡ್ಲ ಬಿಡು” ಎಂದಳು. ಗಾಡಿಯ ಬಗ್ಗೆ ಇಪ್ಪತ್ತೆಂಟು ವರ್ಷಗಳಲ್ಲಿ ಆಕೆ ಆಡಿದ ಮೊದಲನೆಯ ಮಾತು ಅದು.

ಪೆಟ್ರೋಲಿನಲ್ಲಿ ಈಗ ಇನ್ನೊಂದು ಬದಲಾವಣೆ ಬಂದಿದೆ. ಇಂದು ಬಂಕಿನಲ್ಲಿ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ ೨೦ ಪಾಲಿನವರೆಗೂ ಇಥೆನಾಲು ಇರುವದು. ಕಬ್ಬು, ಗೋವಿನಜೋಳ ಬೆಳೆಯುವ ನಮ್ಮ ಕಡೆಯ ರೈತರಿಗೆ ಇದರಿಂದ ನಾಲ್ಕು ಕಾಸು ಬರುವದಾದರೆ ನಾನು ಗೊಣಗಲಾರೆ. ಆದರೆ ಹಳೆಯ ಕಾಲದ ರಬ್ಬರಿಗೆ ಇಥೆನಾಲು ಆಗಿಬರುವದಿಲ್ಲ. ಅದು ಮೆತ್ತಗಾಗಿ ಬಿರಿಯುವದು. ಬಿರಿದ ಕೊಳವೆಯಿಂದ ಪೆಟ್ರೋಲು ಕಾಯ್ದ ಸೈಲೆನ್ಸರಿನ ಮೇಲೆ ತೊಟ್ಟಿಕ್ಕಿದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಹಳೆಯ ಗಾಡಿಯನ್ನು ಇಟ್ಟುಕೊಂಡ ವಾಚಕರು ಬೇರೆ ಏನನ್ನು ಮಾಡದಿದ್ದರೂ ಟಾಕಿಯಿಂದ ಕಾರ್ಬುರೇಟರಿನವರೆಗಿನ ರಬ್ಬರಿನ ಕೊಳವೆಗಳನ್ನೂ ಪಂಪಿನೊಳಗಿನ ಪೊರೆಯನ್ನೂ ಇಥೆನಾಲು ತಡೆಯುವ ಜಾತಿಯವಕ್ಕೆ ಬದಲಿಸಲಿ. ಸಣ್ಣ ಖರ್ಚು. (ನಮ್ಮ ಒಟ್ಟು ಖರ್ಚು ಎಷ್ಟಾಯಿತೆಂಬುದನ್ನು, ನನ್ನ ಹೆಂಡತಿಯೂ ಓದುವ ಈ ಮಾಸಪತ್ರಿಕೆಯಲ್ಲಿ ಬರೆಯುವದು ಉಚಿತವಲ್ಲ.)

ಕಿಡಿ ಹಾರಿಸುವ ಪಾಯಿಂಟಿನ ಬದಲು ಇಲೆಕ್ಟ್ರಾನಿಕ್ ಸಾಧನವನ್ನು ಹಾಕಿದೆವು. ಎಂಜಿನು ನಿಮಿಷಕ್ಕೆ ೩೦೦೦ ಸುತ್ತು ತಿರುಗುವಾಗ ನಾಲ್ಕು ಸಿಲಿಂಡರುಗಳಿಗೆ ಸೇರಿ ಸೆಕೆಂದಿಗೆ ನೂರು ಕಿಡಿಗಳು ಬೇಕು. ಹಳೆಯ ಪಾಯಿಂಟು ಅಷ್ಟು ಸಲ ಬಾಯಿ ತೆರೆದು ಮುಚ್ಚಿ ಸವೆಯುತ್ತಿದ್ದಿತು. ಹೊಸತಕ್ಕೆ ಸವೆತವಿಲ್ಲ. ಆದರೂ ನನ್ನ ಮನಸ್ಸು ಇದರಲ್ಲಿ ಎರಡಾಗಿದೆ. ಪಾಯಿಂಟು ಕೆಡುವ ಮೊದಲು ಹತ್ತು ದಿನ ಕೆಮ್ಮಿ ಸೂಚನೆ ಕೊಡುತ್ತಿದ್ದಿತು. ಇದು ಕೆಟ್ಟರೆ ದಾರಿಯ ನಡುವೆ ಮೌನವಾಗಿ ಕೆಡುವದು. ತಂದೆಯವರು ಹಳೆಯ ಪಾಯಿಂಟನ್ನು ಒಂದು ತಂಬಾಕಿನ ಡಬ್ಬಿಯಲ್ಲಿ ಹಾಕಿ ಗಾಡಿಯಲ್ಲಿಯೇ ಇಟ್ಟಿದ್ದಾರೆ. ಮಗನು ನಕ್ಕನು, ಡಬ್ಬಿಯನ್ನು ತೆಗೆಯಲಿಲ್ಲ. ಮುಂದಿನ ದೀಪಗಳಿಗೆ ರಿಲೇ ಹಾಗೂ ದಪ್ಪ ತಂತಿ, ರೇಡಿಯೇಟರಿಗೆ ವಿದ್ಯುತ್ತಿನ ಪಂಖ, ಇವೂ ಆದವು.

ಜನವರಿಯ ಕೊನೆಗೆ ಎಂಜಿನು ಮಾತಾಡಿತು. ಪಡಸಾಲೆಯಲ್ಲಿ ಕುಳಿತಿದ್ದ ತಂದೆಯವರು ಅಲ್ಲಿಂದಲೇ, “ಮೂರನೇದರ ಟ್ಯಾಪೆಟ್ ಸಡ್ಲ ಐತಿ” ಎಂದು ಕೂಗಿದರು. ಎಂಬತ್ತರ ಕಿವಿಯೆಂದು ನಾವು ಅದನ್ನು ಲಕ್ಷಿಸಲಿಲ್ಲ. ಮರುದಿನ ಗೇಜು ಹಾಕಿ ನೋಡಿದರೆ ಇಂಚಿನ ಸಾವಿರ ಪಾಲಿನಲ್ಲಿ ೧೫ ಪಾಲು ಇರಬೇಕಾದ ಸಂದು ಮೂರನೆಯ ಸಿಲಿಂಡರಿನಲ್ಲಿ ೨೦ ಇದ್ದಿತು!

ಅವಧಿ ಮೀರಿದ ನೋಂದಣಿಯು ತಪಾಸಣೆಯಾಗಿ ಐದು ವರ್ಷಕ್ಕೆ ನವೀಕರಣಗೊಂಡಿತು. ಎಂಜಿನಿನ ಮೇಲಿನ ನಂಬರನ್ನು ಪುಸ್ತಕದೊಡನೆ ತಾಳೆ ನೋಡಿದಾಗ ನಾನು ಮಗನ ಮುಖವನ್ನು ನೋಡಿದೆನು. ಅವನು ಆಕಾಶವನ್ನು ನೋಡಿದನು. ಉಣಕಲ್ಲಿನ ನೃಪತುಂಗ ಬೆಟ್ಟದ ಇಳುಕಲಿನಲ್ಲಿ ಎಷ್ಟೋ ಸಲ ಇಳಿದು, ನಿಂತು, ಮತ್ತೆ ಇಳಿದು ಪರೀಕ್ಷಿಸಿದೆವು. ಆ ಮೇಲೆಯೇ ಅವ್ವನ ಮುಂದೆ ಗೋಕರ್ಣದ ಮಾತು ತೆಗೆದದ್ದು. ಆಕೆಯು ಅಕ್ಕಿ ಆರಿಸುತ್ತಿದ್ದಳು. “ಯಾರು ಹೊಡಿಯವರು?” ಎಂದಳು. ಮಗನೆಂದೆನು. “ಇವರು ಎಲ್ಲಿ ಕೂಡ್ರತಾರ?” ಮುಂದೆಯೆಂದೆನು. “ಹಂಗಾರ ನಾ ಹಿಂದ ಕೂಡ್ರತೀನಿ. ಎಣ್ಣಿ ಬದಲಿ ಮಾಡೀರಿಲ್ಲೋ?” ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

೨೦೨೫ರ ಮೇ ತಿಂಗಳ ಮೊದಲ ವಾರ ನಸುಕಿನಲ್ಲಿ ಹೊರಟೆವು. ಯಲ್ಲಾಪುರದಲ್ಲಿ ಚಹ ಆಯಿತು. ಇಡಗುಂದಿ ದಾಟಿ ಘಟ್ಟ ಆರಂಭವಾಗುವ ಮೊದಲೇ ಮಗನು ಗೇರನ್ನು ಎರಡಕ್ಕೆ ಇಳಿಸಿದನು. ಬ್ರೇಕನ್ನು ಒತ್ತಿ ಹಿಡಿಯದೆ, ಬೇಕಾದಾಗ ತುಳಿದು ಬಿಟ್ಟು, ತುಳಿದು ಬಿಟ್ಟು ನಡೆಸಿದನು. ಮುಂದೆ ಕುಳಿತ ತಂದೆಯವರ ಬಲಗಾಲು ಪ್ರತಿಯೊಂದು ತಿರುವಿನಲ್ಲಿಯೂ, ಏನೂ ಇಲ್ಲದ ನೆಲವನ್ನು ತುಳಿಯುತ್ತಿದ್ದುದನ್ನು ನಾನು ಹಿಂದಿನಿಂದ ಕಂಡೆನು. ಹಿಂದಿನಿಂದ ಲಾರಿಗಳು ಹಾರ್ನು ಹೊಡೆದವು. ನಮ್ಮ ಪೈಲವಾನನು ಅವಸರ ಮಾಡಲಿಲ್ಲ.

ಅರ್ಧ ದಾರಿಗೆ, ಗುಡ್ಡದ ಕಡೆಗೆ ರಸ್ತೆ ಸ್ವಲ್ಪ ಅಗಲವಾದಲ್ಲಿ, “ಇಲ್ಲೇ ನಿಂದರಸು” ಎಂದರು ತಂದೆಯವರು. ಅದೇ ಜಾಗವೋ, ಅಲ್ಲವೋ. ರಸ್ತೆಯ ಗುರುತೇ ಬದಲಾಗಿದೆ. ಅವರು ಮೆಲ್ಲಗೆ ಇಳಿದು, ಬಡಿಗೆಯನ್ನು ಬಾಗಿಲಿಗೆ ಆನಿಸಿ, ಬಗ್ಗಿ, ಮುಂದಿನ ಗಾಲಿಯ ನಡುವಿಗೆ ಅಂಗೈಯ ಹಿಂಬದಿಯನ್ನು ಹತ್ತಿರ ಒಯ್ದು ನೋಡಿದರು. ತಿರುಗಿ ಬಂದು ಒಳಗೆ ಕುಳಿತರು.

“ಬಿಸಿ ಐತಿ. ಆದರ ಸುಡವಲ್ಲದು.”

ಇದನ್ನು ಅವ್ವನಿಗೆ ಕೇಳಿಸಬೇಕೆಂದು ಹಿಂದಕ್ಕೆ ಹೊರಳಿ ನೋಡಿದರು. ಅವ್ವನು ಕಿಡಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿದ್ದಿತು. ತಂದೆಯವರು ಕೆಲಹೊತ್ತು ಹಾಗೆಯೇ ನೋಡಿ, ಮುಂದಕ್ಕೆ ಹೊರಳಿ, ದನಿ ತಗ್ಗಿಸಿ ಮೊಮ್ಮಗನಿಗೆ ಅಂದರು:

“ಸಾವಕಾಶ ನಡಿ ತಮ್ಮಾ. ಆಕಿನ್ನ ಎಬ್ಬಸಬ್ಯಾಡ.”